ಹಿಂದಕ್ಕೆ ಎಣಿಸುವ ಕಸುಬು: ಮದುವೆ ಸೀಸನ್‌ನಲ್ಲಿ ಹೂವಿನ ಅಲಂಕಾರದ ಒಳಲೆಕ್ಕ

ಮದುವೆ ಸೀಸನ್ ಹತ್ತಿರವಾದಾಗ ಹೂವಿನ ಅಲಂಕಾರಕ್ಕೆ ಹೊಸದಾಗಿ ಇಳಿದವರು ಹೂವಿನ ದರದ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ನಾಲ್ಕಾರು ಸೀಸನ್ ದಾಟಿದವರ ಚಿಂತೆ ಬೇರೆ: ಸಮಾರಂಭಕ್ಕೆ ಮುಂಚಿನ ನಾಲ್ಕೈದು ಗಂಟೆಗಳು. ಒಂದು ಹೂವು ದುಬಾರಿಯಾದರೆ ಅದರ ಬದಲಿಗೆ ಇನ್ನೊಂದು ಸಿಗುತ್ತದೆ. ಆ ನಾಲ್ಕೈದು ಗಂಟೆಗಳಿಗೆ ಬದಲಿ ಇಲ್ಲ. ಅಷ್ಟರೊಳಗೆ ವ್ಯಾನ್ ತುಂಬಬೇಕು, ಜಾಗ ತಲುಪಬೇಕು, ಕಮಾನು ನಿಲ್ಲಿಸಬೇಕು, ಮೇಜುಗಳನ್ನು ಸಿಂಗರಿಸಬೇಕು, ಅತಿಥಿಗಳು ಬರುವಷ್ಟರಲ್ಲಿ ಬಕೆಟ್ಟುಗಳನ್ನು ಎತ್ತಿಕೊಂಡು ಹಿಂಬಾಗಿಲಿನಿಂದ ಹೊರಬಿದ್ದಿರಬೇಕು.

ಈ ಕಸುಬಿನ ತೀರ್ಮಾನಗಳೆಲ್ಲ ಆ ಗಂಟೆಗಳಿಂದ ಹಿಂದಕ್ಕೆ ಎಣಿಸುತ್ತ ಬರುವಂಥವು. ಹೂವನ್ನು ಯಾವ ದಿನ ತರಿಸಬೇಕು, ಎಷ್ಟು ತಣ್ಣಗೆ ಇಡಬೇಕು, ಯಾರನ್ನು ಯಾವಾಗ ಕೆಲಸಕ್ಕೆ ಕರೆಯಬೇಕು, ಯಾವ ಆರ್ಡರ್‌ಗೆ ಆಗುವುದಿಲ್ಲ ಎನ್ನಬೇಕು ಎಂಬುದೆಲ್ಲ ಅಲ್ಲಿಂದಲೇ ಹುಟ್ಟುತ್ತದೆ. ಹೊರಗಿನವರಿಗೆ ಕಾಣುವುದು ಕಲೆ. ಒಳಗೆ ನಡೆಯುವುದು ಬಹುಪಾಲು ಎಣಿಸುವುದು, ತೊಳೆಯುವುದು ಮತ್ತು ಹೊರುವುದು.

ಒಂದು ಮದುವೆಗೆ ಎಷ್ಟು ಗಂಟೆ?

ಮಧ್ಯಮ ಗಾತ್ರದ ಒಂದು ಮದುವೆಯನ್ನು ತೆಗೆದುಕೊಳ್ಳೋಣ: ಕೈಯಲ್ಲಿ ಹಿಡಿಯುವ ಒಂದು ಬೊಕೆ, ಎದೆಗೆ ಸಿಕ್ಕಿಸುವ 12 ಪುಟ್ಟ ಹೂಗೊಂಚಲುಗಳು, 15 ಮೇಜುಗಳಿಗೆ ಗಿಡ್ಡ ಹೂದಾನಿಗಳು, ಒಂದು ಕಮಾನು. ಬೊಕೆಗೆ ಒಂದು ಗಂಟೆ. ಎದೆಯ ಹೂವು ಒಂದಕ್ಕೆ ಹತ್ತು ನಿಮಿಷದಂತೆ ಎರಡು ಗಂಟೆ. ಹೂದಾನಿ ಒಂದಕ್ಕೆ ಇಪ್ಪತ್ತು ನಿಮಿಷದಂತೆ ಐದು ಗಂಟೆ. ಕಮಾನಿಗೆ ಇಬ್ಬರು ಮೂರು ಗಂಟೆ ನಿಂತರೆ ಆರು. ಒಟ್ಟು 14 ಗಂಟೆ. ಹೊಸಬರು ಲೆಕ್ಕವನ್ನು ಇಲ್ಲಿಗೆ ಮುಗಿಸಿ, ಇದರ ಮೇಲೆಯೇ ದರ ಹೇಳಿಬಿಡುತ್ತಾರೆ.

ಇನ್ನೂ ಇದೆ. ಬಂದ ಕಟ್ಟುಗಳನ್ನು ಬಿಚ್ಚಿ, ಎಲೆ ಮುಳ್ಳು ತೆಗೆದು, ದಂಟಿನ ತುದಿ ಕತ್ತರಿಸಿ ನೀರಿಗಿಡಲು ನಾಲ್ಕು ಗಂಟೆ. ಬಕೆಟ್ ತೊಳೆಯಲು ಒಂದು. ವ್ಯಾನ್ ತುಂಬಿ ಸಾಗಿಸಲು ಇಬ್ಬರಿಗೆ ಎರಡೆರಡು. ಸಮಾರಂಭ ಮುಗಿದ ಮೇಲೆ ಬಿಚ್ಚಿ ತರಲು ಮತ್ತೆ ಇಬ್ಬರಿಗೆ ಎರಡೆರಡು. ಇವೇ 13 ಗಂಟೆ. ಒಟ್ಟು 27 ಗಂಟೆಗಳ ಕೆಲಸದಲ್ಲಿ ಹೆಚ್ಚುಕಡಿಮೆ ಅರ್ಧ ಹೊತ್ತು ಯಾರೂ ಹೂವು ಜೋಡಿಸುತ್ತಿರುವುದಿಲ್ಲ. ಗ್ರಾಹಕರ ಜೊತೆಗಿನ ಮಾತುಕತೆ, ರಾತ್ರಿ ಹನ್ನೊಂದಕ್ಕೆ ಬರುವ ಸಂದೇಶಗಳಿಗೆ ಉತ್ತರ, ಇವನ್ನು ನಾನು ಸೇರಿಸಿಯೇ ಇಲ್ಲ.

ಒಂದೇ ದಿನ ಎರಡು ಮದುವೆ ಒಪ್ಪಿಕೊಂಡರೆ 27 ಎನ್ನುವುದು 54 ಆಗುತ್ತದೆ. ಅದನ್ನು ನಾಲ್ಕು ಜನ ಹಂಚಿಕೊಳ್ಳಬಹುದು. ಆದರೆ ಎರಡು ಕಡೆ ಒಂದೇ ಹೊತ್ತಿಗೆ ಕಮಾನು ನಿಲ್ಲಬೇಕಾದರೆ ಎರಡು ವ್ಯಾನ್ ಬೇಕು, ಎರಡು ತಂಡ ಬೇಕು, ಎರಡೂ ಕಡೆ ತಾವೇ ತೀರ್ಮಾನ ತೆಗೆದುಕೊಳ್ಳಬಲ್ಲ ಒಬ್ಬೊಬ್ಬರು ಇರಬೇಕು. ವ್ಯಾನ್ ಬಾಡಿಗೆಗೆ ಸಿಗುತ್ತದೆ, ಕೈಗಳೂ ಕೂಲಿಗೆ ಸಿಗುತ್ತವೆ. ಕಮಾನಿಟ್ಟ ಜಾಗದಲ್ಲಿ ಕಂಬ ಅಡ್ಡಬಂದಾಗ ಏನು ಮಾಡಬೇಕೆಂದು ಅಲ್ಲೇ ನಿಂತು ಹೇಳುವವರು ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಹೀಗಾಗಿ ಡೈರಿಯಲ್ಲಿ ಮದುವೆಗಳ ಸಂಖ್ಯೆಯ ಬದಲು ಗಂಟೆಗಳನ್ನು ಬರೆದಿಡುವುದು ಒಳ್ಳೆಯದು. ಆ ಡೈರಿಯ ಮುಂದೆ ಕುಳಿತಾಗ ಕೆಲವು ವಿಚಿತ್ರಗಳು ಕಾಣುತ್ತವೆ: ದೂರದ ಜಾಗದಲ್ಲಿ ಬರೀ ಒಂದು ಕಮಾನು ಬೇಕೆನ್ನುವ ಚಿಕ್ಕ ಆರ್ಡರ್, ಹತ್ತಿರದ ದೊಡ್ಡ ಮದುವೆಗಿಂತ ಹೆಚ್ಚು ಬೆಳಗನ್ನು ನುಂಗಬಹುದು. ಬೇಡಿಕೆ ಹೆಚ್ಚಿರುವ ದಿನಗಳಿಗೆ ಕನಿಷ್ಠ ಮೊತ್ತವನ್ನು ನಿಗದಿ ಮಾಡುವ ಪದ್ಧತಿ ಹುಟ್ಟಿದ್ದು ಇದೇ ಕಾರಣಕ್ಕೆ. ಕೇಳಿದವರಿಗೆ ಅದು ದರ್ಪದಂತೆ ಕಾಣಬಹುದು, ಕಾಣಲಿ.

ಕಟ್ಟಿನ ಲೆಕ್ಕ

ಸಗಟು ಮಾರುಕಟ್ಟೆಯಲ್ಲಿ ಹೂವು ಬಿಡಿಯಾಗಿ ಸಿಗುವುದಿಲ್ಲ. ಜಾತಿಗೆ ತಕ್ಕಂತೆ 10, 20 ಅಥವಾ 25 ದಂಟುಗಳ ಕಟ್ಟು ಬರುತ್ತದೆ. ಪ್ರತಿ ಅಲಂಕಾರಕ್ಕೂ ಯಾವ ಹೂವು ಎಷ್ಟು ದಂಟು ಎಂಬ ಅಳತೆ ಚೀಟಿ ಇರಬೇಕಾದದ್ದು ಅದಕ್ಕಾಗಿ. ಮೇಲಿನ ಮದುವೆಗೆ ಬಿಳಿ ಗುಲಾಬಿಯ ಲೆಕ್ಕ ಹಾಕಿದರೆ: ಮೇಜಿಗೆ ಆರರಂತೆ 90, ಬೊಕೆಗೆ 15, ಎದೆಗೆ 12, ಕಮಾನಿಗೆ 60. ಒಟ್ಟು 177. ಮುರಿಯುವುದು, ಅರಳದಿರುವುದು, ಕತ್ತು ಬಾಗುವುದು ಎಂದು ನೂರಕ್ಕೆ ಹತ್ತು ಹೆಚ್ಚುವರಿ ಇಟ್ಟರೆ 195. ಕಟ್ಟಿಗೆ 20 ಆದರೆ 10 ಕಟ್ಟು, ಅಂದರೆ 200. ಗ್ರಾಹಕರ ಅಂದಾಜುಪಟ್ಟಿಗೆ ಹೋಗಬೇಕಾದದ್ದು ಈ 200, ಮೊದಲು ಬಂದ 177 ಅಲ್ಲ. ವ್ಯತ್ಯಾಸದ 23 ಗುಲಾಬಿ ಚಿಲ್ಲರೆ ಎನಿಸಬಹುದು. ಆದರೆ ಒಂದು ಮದುವೆಯಲ್ಲಿ ಏಳೆಂಟು ಬಗೆಯ ಹೂವು ಸೊಪ್ಪು ಇರುತ್ತದೆ, ಪ್ರತಿಯೊಂದರಲ್ಲೂ ಹೀಗೆ ಒಂದಿಷ್ಟು ಸೋರಿದರೆ ಲಾಭವೆಂದುಕೊಂಡದ್ದು ಅಲ್ಲೇ ಖಾಲಿ.

ಹತ್ತು ಶೇಕಡಾ ಎನ್ನುವುದು ಗಟ್ಟಿ ಗುಲಾಬಿ, ಕಾರ್ನೇಷನ್, ಸೇವಂತಿಗೆಗಳಿಗೆ ಸಾಕು. ಹೈಡ್ರೇಂಜಿಯಾ, ಡೇಲಿಯಾಗಳಿಗೆ ಸಾಲದು. ಇನ್ನೊಂದು ವಿಷಯ: ಗುಲಾಬಿಯ ಹೊರ ಸುತ್ತಿನ ಒರಟು, ಹಸಿರು ಕಲೆಯ ದಳಗಳನ್ನು ನೋಡಿ ಹೂವು ಕೆಟ್ಟಿದೆ ಎಂದು ಎಸೆಯುವ ಸಹಾಯಕರಿರುತ್ತಾರೆ. ಅವು ಮೊಗ್ಗನ್ನು ಕಾಯುವ ದಳಗಳು, ಸಾಗಣೆಯ ಪೆಟ್ಟು ತಿನ್ನುವುದೇ ಅವುಗಳ ಕೆಲಸ. ಎರಡು ಮೂರು ದಳ ಬುಡದಿಂದ ಹಿಡಿದು ಮೆಲ್ಲಗೆ ಎಳೆದರೆ ಒಳಗೆ ಹೂವು ಕಲೆಯಿಲ್ಲದೆ ಇರುತ್ತದೆ.

ಸೀಸನ್‌ನ ನಿಜವಾದ ಉಳಿತಾಯ ಅಡಗಿರುವುದು ಮದುವೆಗಳ ನಡುವೆ. ಒಂದೇ ವಾರದ ಮೂರು ಮದುವೆಗೂ ಅದೇ ಬಿಳಿ ಗುಲಾಬಿ, ಅದೇ ಸೊಪ್ಪು ಬಳಕೆಯಾದರೆ ಲೆಕ್ಕವನ್ನು ಪೂರ್ತಿ ಕಟ್ಟಿಗೆ ಏರಿಸಬೇಕಾದದ್ದು ಒಂದೇ ಸಲ. ಒಂದರಲ್ಲಿ ಮಿಕ್ಕಿದ್ದು ಇನ್ನೊಂದಕ್ಕೆ ಹೋಗುತ್ತದೆ. ಜಾಣ ಅಲಂಕಾರಗಾರರು ಮಾತುಕತೆಯ ಹಂತದಲ್ಲೇ ಗ್ರಾಹಕರನ್ನು ಆ ಕಡೆಗೆ ನಯವಾಗಿ ತಿರುಗಿಸುತ್ತಾರೆ. ಅಪಾಯವೂ ಅಲ್ಲೇ ಇದೆ: ಆ ಒಂದು ಸರಕು ಕೆಟ್ಟರೆ ಮೂರು ಮದುವೆಗಳೂ ಒಟ್ಟಿಗೆ ಕೆಡುತ್ತವೆ. ಆದ್ದರಿಂದ ಹೂವು ಒಂದೇ ಆದರೂ ತರಿಸುವ ಕಡೆ ಎರಡಿರಲಿ.

ದರದ ವಿಷಯ. ಕತ್ತರಿಸಿದ ಹೂವಿನ ದೊಡ್ಡ ಹರಾಜು ನಡೆಯುವ ನೆದರ್ಲೆಂಡ್ಸ್‌ನ ಆಲ್ಸ್‌ಮೇರ್‌ನಲ್ಲಿ ಗಡಿಯಾರದ ಪದ್ಧತಿ ಇದೆ. ದರ ಮೇಲಿನಿಂದ ಕೆಳಕ್ಕೆ ಇಳಿಯುತ್ತ ಬರುತ್ತದೆ, ಮೊದಲು ಗುಂಡಿ ಒತ್ತಿದವರಿಗೆ ಸರಕು. ಬೇಡಿಕೆ ಏರಿದ ದಿನ ಎಲ್ಲರ ಬೆರಳೂ ಬೇಗ ಗುಂಡಿಗೆ ಹೋಗುತ್ತದೆ. ಕೆನ್ಯಾ, ಇಥಿಯೋಪಿಯಾ, ಈಕ್ವೆಡಾರ್, ಕೊಲಂಬಿಯಾಗಳಲ್ಲಿ ಬೆಳೆದ ಗುಲಾಬಿ ದೇಶದೇಶಗಳಿಗೆ ಹಾರುವ ಈ ಕಾಲದಲ್ಲಿ ಒಂದು ಕಡೆಯ ಹಬ್ಬ ಇನ್ನೊಂದು ಕಡೆಯ ಮದುವೆಗೆ ತಟ್ಟುತ್ತದೆ. ಫೆಬ್ರವರಿ 14ರ ಹಿಂದಿನ ವಾರಗಳಲ್ಲಿ ಕೆಂಪು ಗುಲಾಬಿ, ಮೇ ತಿಂಗಳ ಎರಡನೇ ಭಾನುವಾರದ ತಾಯಂದಿರ ದಿನದ ಆಸುಪಾಸಿನಲ್ಲಿ ಬಹುತೇಕ ಎಲ್ಲ ಹೂವು ಏರುತ್ತದೆ. ಆರು ತಿಂಗಳ ಮೊದಲೇ ದರ ಹೇಳುವವರು ಆ ಏರಿಕೆಗೆ ಜಾಗ ಬಿಟ್ಟೇ ಹೇಳಬೇಕು.

ಒಪ್ಪಂದದಲ್ಲಿ ತಳಿಯ ಹೆಸರು ಬರೆಯುವುದೂ ಬೇಡ. ‘ತೆಳು ಗುಲಾಬಿ ಬಣ್ಣದ, ದೊಡ್ಡ, ದುಂಡನೆಯ ಹೂವು’ ಎಂದು ಬರೆದು, ಬದಲಿ ಬಳಸುವ ಹಕ್ಕನ್ನು ಸ್ಪಷ್ಟವಾಗಿ ಉಳಿಸಿಕೊಳ್ಳಬೇಕು. ಪಿಯೋನಿ ಇದಕ್ಕೆ ಒಳ್ಳೆಯ ಉದಾಹರಣೆ. ಉತ್ತರಾರ್ಧಗೋಳದ ಬಹುಭಾಗದಲ್ಲಿ ಅದು ವಸಂತದ ಕೊನೆಗೆ ಕೆಲವೇ ವಾರ ಸಿಗುತ್ತದೆ. ಅಲಾಸ್ಕಾದಲ್ಲಿ ಜುಲೈ, ಆಗಸ್ಟ್. ಚಿಲಿ, ನ್ಯೂಜಿಲೆಂಡ್‌ಗಳಿಂದ ವರ್ಷದ ಕೊನೆಯ ತಿಂಗಳುಗಳಲ್ಲಿ. ಮೊಗ್ಗನ್ನು ಎರಡು ಬೆರಳ ನಡುವೆ ಒತ್ತಿದಾಗ ಗೋಲಿಯಂತೆ ಗಟ್ಟಿಯಾಗಿರದೆ ಸ್ವಲ್ಪ ಮೆತ್ತಗೆ ಕುಗ್ಗಿದರೆ ಕೊಯ್ಯುವ ಹದ. ಆ ಹದದಲ್ಲಿ ಕೊಯ್ದ ಪಿಯೋನಿಯನ್ನು ನೀರಿಲ್ಲದೆ ತಣ್ಣಗೆ ವಾರಗಟ್ಟಲೆ ಇಡಬಹುದು. ಡೇಲಿಯಾ ಇದಕ್ಕೆ ತದ್ವಿರುದ್ಧ: ಕೊಯ್ದ ಮೇಲೆ ಅದರ ಆಯುಸ್ಸು ಕೆಲವೇ ದಿನ, ಕೂಡಿಡುವ ಮಾತೇ ಇಲ್ಲ. ಈ ಎರಡನ್ನೂ ‘ಹೂವು’ ಎಂಬ ಒಂದೇ ಸಾಲಿನಲ್ಲಿ ಬರೆದು ಒಂದೇ ದಿನ ತರಿಸುವವರು ಸೀಸನ್‌ನಲ್ಲಿ ಬಹಳ ದಿನ ಬಾಳುವುದಿಲ್ಲ.

ಕೊಯ್ದ ಮೇಲೂ ಉಸಿರಾಡುವ ಸರಕು

ಕೊಯ್ದ ಹೂವು ಸತ್ತಿರುವುದಿಲ್ಲ. ಅದು ತನ್ನೊಳಗಿನ ಸಕ್ಕರೆಯನ್ನು ಸುಡುತ್ತ ಉಸಿರಾಡುತ್ತದೆ, ಮತ್ತು ಆ ಸಕ್ಕರೆಗೆ ಇನ್ನು ಪೂರೈಕೆ ಇಲ್ಲ. ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಉಸಿರಾಟದ ವೇಗ ಎರಡು ಮೂರು ಪಟ್ಟು ಆಗುತ್ತದೆ. ಬಿಸಿಲಿನಲ್ಲಿ ನಿಂತ ವ್ಯಾನ್‌ನೊಳಗೆ ಕಳೆದ ಒಂದು ಮಧ್ಯಾಹ್ನ ಹೂವಿನ ಆಯುಸ್ಸಿನಿಂದ ದಿನಗಳನ್ನೇ ಕಿತ್ತುಕೊಳ್ಳುವುದು ಹೀಗೆ. ಗುಲಾಬಿ, ಕಾರ್ನೇಷನ್, ಲಿಲಿ, ಟ್ಯುಲಿಪ್‌ಗಳಿಗೆ 1ರಿಂದ 4 ಡಿಗ್ರಿ, ಜೊತೆಗೆ ಗಾಳಿಯಲ್ಲಿ ಒಳ್ಳೆಯ ತೇವ ಇರುವ ಕೋಣೆ ಬೇಕು. ಮನೆಯ ಫ್ರಿಜ್‌ನ ಗಾಳಿ ಒಣಗಿದ್ದು, ದಳಗಳ ಅಂಚು ಸುಡುತ್ತದೆ. ಆಂಥೂರಿಯಂ, ಹೆಲಿಕೋನಿಯಾದಂಥ ಉಷ್ಣವಲಯದ ಹೂವುಗಳನ್ನು ಅಷ್ಟು ತಣ್ಣಗಿನ ಕೋಣೆಗೆ ನೂಕಿದರೆ ಕಪ್ಪು ಕಲೆ ಬೀಳುತ್ತದೆ. ಅವಕ್ಕೆ 12 ಡಿಗ್ರಿಗಿಂತ ಮೇಲೆಯೇ ಇರಬೇಕು.

ಶೀತಲ ಕೋಣೆಯಲ್ಲಿ ಊಟದ ಡಬ್ಬಿ, ಸೇಬು, ಬಾಳೆಹಣ್ಣು ಇಡಬೇಡಿ ಎಂದು ಹಿರಿಯರು ಗದರುವುದಕ್ಕೆ ಎಥಿಲೀನ್ ಕಾರಣ. ಹಣ್ಣು ಮಾಗುವಾಗ ಹೊರಬಿಡುವ ಈ ಅನಿಲ ಹೂವಿಗೆ ಮುಪ್ಪಿನ ಸೂಚನೆ. ಹತ್ತೊಂಬತ್ತನೇ ಶತಮಾನದಲ್ಲಿ ಬೀದಿ ದೀಪದ ಅನಿಲ ಸೋರುತ್ತಿದ್ದ ಕಡೆಗಳಲ್ಲಿ ಮರಗಳು ಅಕಾಲದಲ್ಲಿ ಎಲೆ ಉದುರಿಸುತ್ತಿದ್ದವು. ಆ ಅನಿಲದಲ್ಲಿ ಗಿಡಗಳನ್ನು ಕಾಡುವ ಅಂಶ ಎಥಿಲೀನ್ ಎಂದು 1901ರಲ್ಲಿ ತೋರಿಸಿದವನು ರಷ್ಯಾದ ವಿಜ್ಞಾನಿ ಡಿಮಿಟ್ರಿ ನೆಲ್ಯುಬೊವ್. ಅವನು ಪ್ರಯೋಗ ಮಾಡಿದ್ದು ಬಟಾಣಿ ಸಸಿಗಳ ಮೇಲೆ. ಕಾರ್ನೇಷನ್‌ಗೆ ಎಥಿಲೀನ್ ತಗುಲಿದರೆ ದಳಗಳು ಒಳಕ್ಕೆ ಮಡಚಿಕೊಂಡು ಹೂವು ತೂಕಡಿಸುತ್ತದೆ, ಮತ್ತೆ ಏಳುವುದಿಲ್ಲ. ಆರ್ಕಿಡ್, ಡೆಲ್ಫಿನಿಯಂಗಳೂ ಸೂಕ್ಷ್ಮ. ಸೇವಂತಿಗೆ, ಜರ್ಬೆರಾ ಅಷ್ಟಾಗಿ ಲೆಕ್ಕಕ್ಕಿಡುವುದಿಲ್ಲ. ಬಾಡಿದ ಹೂವು, ವ್ಯಾನ್‌ನ ಹೊಗೆ ಕೂಡ ಈ ಅನಿಲವನ್ನು ಬಿಡುತ್ತವೆ. ಕೋಣೆಯ ಬಾಗಿಲಿಗೇ ವ್ಯಾನ್ ತಂದು ಎಂಜಿನ್ ಓಡುತ್ತಿರುವಾಗ ಸರಕು ತುಂಬುವುದು ತಪ್ಪು.

ನೀರಿನ ಕೆಲಸಕ್ಕೆ ಹದ ಮಾಡುವುದು ಎನ್ನೋಣ. ದಂಟು ಕತ್ತರಿಸಿ ಹೊರಗಿಟ್ಟ ಕ್ಷಣದಿಂದ ಅದರ ನಾಳಗಳಿಗೆ ಗಾಳಿ ಸೇರುತ್ತದೆ, ನೀರು ಮೇಲೇರುವುದಿಲ್ಲ. ತುದಿಯಿಂದ ಎರಡು ಮೂರು ಸೆಂಟಿಮೀಟರ್ ಹೊಸದಾಗಿ ಕತ್ತರಿಸಿ ತಕ್ಷಣ ನೀರಿಗಿಟ್ಟರೆ ದಾರಿ ತೆರೆಯುತ್ತದೆ. ಎರಡನೇ ಶತ್ರು ಬ್ಯಾಕ್ಟೀರಿಯಾ. ಕೊಳೆತ ಎಲೆ, ಕೊಳಕು ಬಕೆಟ್ಟಿನಲ್ಲಿ ಬೆಳೆದು ಅದೇ ನಾಳಗಳನ್ನು ಕಟ್ಟಿಹಾಕುತ್ತದೆ. ಹೂವಿನ ಪುಡಿ ಎಂದು ಮಾರುವ ಪೊಟ್ಟಣದಲ್ಲಿ ಇರುವುದು ಮೂರೇ ಕೆಲಸದ ವಸ್ತುಗಳು: ಆಹಾರಕ್ಕೆ ಸಕ್ಕರೆ, ನೀರನ್ನು ಹುಳಿ ಮಾಡಲು ಆಮ್ಲ, ಬ್ಯಾಕ್ಟೀರಿಯಾ ಕೊಲ್ಲುವ ಮದ್ದು. ಬರೀ ಸಕ್ಕರೆ ಹಾಕಿದರೆ ಬ್ಯಾಕ್ಟೀರಿಯಾಕ್ಕೆ ಔತಣ. ಪುಡಿಗಿಂತಲೂ ಮೊದಲು ಬೇಕಾದದ್ದು ಉಜ್ಜಿ ತೊಳೆದ ಬಕೆಟ್. ಈ ಕೆಲಸಕ್ಕೆ ಯಾರೂ ಮುಂದೆ ಬರುವುದಿಲ್ಲವಾದ್ದರಿಂದ ಪಾಳಿ ಹಾಕಿ ಮಾಡಿಸಬೇಕಾಗುತ್ತದೆ.

ಜಾತಿಜಾತಿಗೂ ಅದರದೇ ಹಟ. ಜರ್ಬೆರಾದ ದಂಟು ಬೇಗ ಕೊಳೆಯುತ್ತದೆ, ಆಳ ನೀರು ಬೇಡ. ಸೊರಗಿದ ಹೈಡ್ರೇಂಜಿಯಾದ ಹೂತಲೆಯನ್ನೇ ನೀರಿನಲ್ಲಿ ಮುಳುಗಿಸಿದರೆ ಹೆಚ್ಚಿನ ಸಲ ಚೇತರಿಸಿಕೊಳ್ಳುತ್ತದೆ. ಟ್ಯುಲಿಪ್ ಕೊಯ್ದ ಮೇಲೂ ಉದ್ದ ಬೆಳೆಯುತ್ತದೆ, ಬೆಳಕಿನ ಕಡೆಗೆ ಬಾಗುತ್ತದೆ. ಹಿಂದಿನ ದಿನ ಸಮನಾಗಿ ಜೋಡಿಸಿಟ್ಟದ್ದು ಮರುದಿನ ತಲೆ ಮೇಲೆತ್ತಿರುತ್ತದೆ. ಲಿಲಿಯಲ್ಲಿ ಈ ಕಸುಬಿನವರನ್ನು ಹೆದರಿಸುವುದು ಅದರ ಪರಾಗದ ಕಂದು ಬಣ್ಣ. ಹೂವು ಬಿರಿಯುವಾಗಲೇ, ಪರಾಗ ಪುಡಿಯಾಗುವ ಮೊದಲೇ, ಕೇಸರದ ತುದಿಗಳನ್ನು ಬೆರಳಿನಿಂದ ಚಿವುಟಿ ತೆಗೆದುಬಿಡಬೇಕು. ಬಟ್ಟೆಗೆ ಬಿದ್ದರೆ ನೀರು ಹಾಕಿ ಉಜ್ಜಬಾರದು, ಅಂಟು ಟೇಪಿನಿಂದ ಎತ್ತಬೇಕು.

ಇಷ್ಟು ಗೊತ್ತಾದ ಮೇಲೆ ಹಿಂದೆಣಿಕೆ ತಾನಾಗಿ ಬರೆದುಕೊಳ್ಳುತ್ತದೆ. ಮೊಗ್ಗಾಗಿ ಬರುವ ಲಿಲಿ ಅರಳಲು ದಿನಗಳು ಬೇಕು, ಆದ್ದರಿಂದ ನಾಲ್ಕೈದು ದಿನ ಮೊದಲು. ಗುಲಾಬಿ ಮೂರು ದಿನ ಮೊದಲು ಬಂದು, ಒಂದು ದಿನ ಕೋಣೆಯ ಉಷ್ಣಾಂಶದಲ್ಲಿ ಅರಳಿ, ಹದಕ್ಕೆ ಬಂದ ಮೇಲೆ ಮತ್ತೆ ತಂಪಿಗೆ. ಹೈಡ್ರೇಂಜಿಯಾ ಎರಡು ದಿನ, ಡೇಲಿಯಾ ಹಿಂದಿನ ದಿನ. ಹೂದಾನಿಗಳು ಹಿಂದಿನ ದಿನ ಸಿದ್ಧವಾಗಬಹುದು, ಏಕೆಂದರೆ ಅವಕ್ಕೆ ನೀರಿದೆ. ಎದೆಗೆ ಸಿಕ್ಕಿಸುವ ಹೂವಿಗೆ ನೀರಿಲ್ಲ, ಅದು ಆದಷ್ಟು ಕೊನೆಗೆ. ಸಮಾರಂಭ ಬಯಲಿನಲ್ಲಿದ್ದರೆ ಕಮಾನಿನ ನೆರಳು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆ ಎಂದು ಮೊದಲೇ ಹೋಗಿ ನೋಡಿರಬೇಕು.

ಮೇಜು, ವ್ಯಾನ್, ಹಣ

ಕೆಲಸದ ಮೇಜಿನಲ್ಲಿ ಒಂದೇ ನಿಯಮ ಸಾಕು: ಮೊದಲ ಹೂದಾನಿಯನ್ನು ಅನುಭವಸ್ಥರು ಮಾಡಿ ಎದುರಿಗಿಡಲಿ, ಉಳಿದ ಹದಿನಾಲ್ಕನ್ನು ಉಳಿದವರು ಅದನ್ನು ನೋಡಿ ಮಾಡಲಿ. ಒಂದೊಂದನ್ನೇ ಪೂರ್ತಿ ಮಾಡುವ ಬದಲು ಹದಿನೈದಕ್ಕೂ ಮೊದಲು ಸೊಪ್ಪು, ಆಮೇಲೆ ಹದಿನೈದಕ್ಕೂ ಗುಲಾಬಿ, ಕೊನೆಗೆ ಸಣ್ಣ ಹೂವು. ಹೀಗೆ ಮಾಡಿದರೆ ಹೂವು ಸಾಲದು ಎಂಬುದು ಹದಿಮೂರನೇ ಹೂದಾನಿಗೆ ಬಂದಾಗ ತಿಳಿಯುವ ಬದಲು ಮೊದಲೇ ತಿಳಿಯುತ್ತದೆ.

ಕಮಾನಿನಲ್ಲಿ ದಂಟುಗಳನ್ನು ಚುಚ್ಚಿ ನಿಲ್ಲಿಸಲು ಬಳಸುವ, ನೀರು ಹೀರುವ ಹಸಿರು ಸ್ಪಂಜಿನ ಬಗ್ಗೆ ನನಗೆ ತಕರಾರಿದೆ. ಅದು ಕೊಳೆಯದ ಪ್ಲಾಸ್ಟಿಕ್, ಪುಡಿಯಾದರೆ ಚರಂಡಿಯ ಮೂಲಕ ನೀರಿಗೆ ಸೇರುತ್ತದೆ. ತಂತಿ ಬಲೆ, ದಂಟಿಗೆ ಸಿಕ್ಕಿಸುವ ನೀರಿನ ನಳಿಕೆಗಳು ಅದೇ ಕೆಲಸವನ್ನು ಮಾಡುತ್ತವೆ, ಮತ್ತೆ ಮತ್ತೆ ಬಳಸಬಹುದು. ಸ್ಪಂಜನ್ನೇ ಬಳಸಬೇಕಾದವರು ಅದನ್ನು ನೀರಿನ ಮೇಲೆ ಇಟ್ಟು ತಾನಾಗಿ ಮುಳುಗಲು ಬಿಡಲಿ. ಕೈಯಿಂದ ಒತ್ತಿ ಮುಳುಗಿಸಿದರೆ ಒಳಗೆ ಒಣ ಭಾಗ ಉಳಿಯುತ್ತದೆ, ಅಲ್ಲಿಗೆ ದಂಟು ಹೋದ ಹೂವು ಎಲ್ಲರ ಮುಂದೆ ಬಾಡುತ್ತದೆ.

ವ್ಯಾನ್‌ನಲ್ಲಿ ಮೊದಲು ಇಳಿಯಬೇಕಾದದ್ದು ಕೊನೆಗೆ ಹತ್ತಬೇಕು. ಹೂದಾನಿಯ ನೀರನ್ನು ಅರ್ಧಕ್ಕಿಳಿಸಿ ತಲುಪಿದ ಮೇಲೆ ತುಂಬುವುದು, ಕತ್ತರಿ, ತಂತಿ, ಟೇಪು, ಬಟ್ಟೆ, ಹೆಚ್ಚುವರಿ ಎರಡು ಎದೆಯ ಹೂವು ಇರುವ ಒಂದು ಪೆಟ್ಟಿಗೆ, ಇದೆಲ್ಲ ಒಂದೆರಡು ಸಲ ಹೋಗಿ ಬಂದರೆ ಯಾರಿಗಾದರೂ ತಿಳಿಯುತ್ತದೆ.

ತಿಳಿಯದೇ ಹೋಗುವುದು ಹಣದ ಓಟ. ಹೂವಿನ ಸಗಟು ಬೆಲೆಗೆ ಮೂರರಷ್ಟು, ಹೂದಾನಿ, ರಿಬ್ಬನ್ ಮುಂತಾದ ಸಾಮಾನಿಗೆ ಎರಡರಷ್ಟು, ಒಟ್ಟಿನ ಮೇಲೆ ಕಾಲು ಭಾಗ ಕೂಲಿ ಎನ್ನುವುದು ಈ ವೃತ್ತಿಯಲ್ಲಿ ಚಾಲ್ತಿಯಲ್ಲಿರುವ ಲೆಕ್ಕಗಳಲ್ಲೊಂದು. ಹೂವಿಗೆ 100, ಸಾಮಾನಿಗೆ 40 ಖರ್ಚಾದರೆ 300 ಮತ್ತು 80 ಸೇರಿ 380, ಅದರ ಕಾಲು ಭಾಗ 95, ಒಟ್ಟು 475. ಮೂರರಷ್ಟು ಎಂದಾಗ ಹುಬ್ಬೇರಿಸುವವರಿಗೆ ಎಸೆದ ಹೂವು, ಹಗಲಿರುಳು ಓಡುವ ಶೀತಲ ಕೋಣೆಯ ವಿದ್ಯುತ್ತು, ಮದುವೆಗಳೇ ಇಲ್ಲದ ತಿಂಗಳುಗಳ ಬಾಡಿಗೆ ಕಾಣಿಸುವುದಿಲ್ಲ. ಹಾಗೆಂದು ಸೂತ್ರವನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಅಗ್ಗದ ಹೂವನ್ನು ಕೈಯಿಂದ ಒಂದೊಂದಾಗಿ ಪೋಣಿಸುವ ಕೆಲಸಕ್ಕೆ ಕಾಲು ಭಾಗದ ಕೂಲಿ ಎಲ್ಲಿಗೂ ಸಾಲದು. ಅಲ್ಲಿ 27 ಗಂಟೆಯ ಹಾಗೆ ಎಣಿಸಿಯೇ ದರ ಹೇಳಬೇಕು.

ಸೀಸನ್‌ನ ನಡುವೆ ಬ್ಯಾಂಕ್ ಖಾತೆ ತುಂಬಿದಂತೆ ಕಾಣುತ್ತದೆ. ಅದರಲ್ಲಿ ಬಹುಪಾಲು ಇನ್ನೂ ನಡೆಯದ ಮದುವೆಗಳ ಮುಂಗಡ. ಎರಡು ತಿಂಗಳ ನಂತರ ಕೊಳ್ಳಬೇಕಾದ ಹೂವಿನ ಹಣದಿಂದ ಈ ವಾರದ ಕೂಲಿ ಕೊಟ್ಟರೆ, ಸೀಸನ್ ಮುಗಿಯುತ್ತ ಬಂದಂತೆ ಹೊಸ ಮುಂಗಡ ನಿಂತಾಗ ಕೊನೆಯ ಕೆಲವು ಮದುವೆಗಳಿಗೆ ಹೂವು ಕೊಳ್ಳಲು ಸಾಲ ಮಾಡಬೇಕಾಗುತ್ತದೆ. ಕೆಲಸ ತುಂಬಿ ತುಳುಕಿದ ವರ್ಷವೇ ಅಂಗಡಿ ಮುಚ್ಚುವ ಒಗಟಿನ ಹಿಂದೆ ಹಲವು ಸಲ ಇರುವುದು ಇದೇ. ಮುಂಗಡಕ್ಕೆ ಪ್ರತ್ಯೇಕ ಖಾತೆ ತೆರೆದು, ಆಯಾ ಮದುವೆಯ ವಾರಕ್ಕೆ ಮಾತ್ರ ಅದರ ಹಣವನ್ನು ಹೊರತೆಗೆಯುವುದು ಸರಳ ಉಪಾಯ. ಮೇಜುಗಳ ಸಂಖ್ಯೆ ಅಂತಿಮವಾಗುವ ದಿನವನ್ನು ಮದುವೆಗೆ ಮೂರ್ನಾಲ್ಕು ವಾರ ಮೊದಲು ಇಟ್ಟು, ಬಾಕಿ ಹಣವನ್ನೂ ಆ ದಿನವೇ ಪಡೆದುಕೊಳ್ಳಬೇಕು. ಮದುವೆ ಮುಗಿದ ಮೇಲೆ ವಸೂಲಿಗೆ ಅಲೆಯುವಷ್ಟು ಬಿಡುವು ಸೀಸನ್‌ನಲ್ಲಿ ಯಾರಿಗೂ ಇರುವುದಿಲ್ಲ. ಬಾಡಿಗೆಗೆ ಕೊಟ್ಟ ಹೂದಾನಿ, ಕಮಾನಿನ ಚೌಕಟ್ಟಿಗೆ ಬೇರೆ ಠೇವಣಿ, ಅವನ್ನು ಎಷ್ಟು ಗಂಟೆಗೆ ಬಿಚ್ಚಲು ಬರುತ್ತೇವೆ ಎಂಬುದೂ ಅದೇ ಒಪ್ಪಂದದಲ್ಲಿರಲಿ.

ಪ್ರತಿ ಮದುವೆಯ ಮರುದಿನ, ಕಸದ ಬುಟ್ಟಿ ಖಾಲಿ ಮಾಡುವ ಮುಂಚೆ, ಬಳಸದೆ ಉಳಿದದ್ದನ್ನು ಜಾತಿವಾರು ಎಣಿಸಿ ಅಳತೆ ಚೀಟಿಯ ಹಿಂಬದಿಯಲ್ಲಿ ಬರೆದಿಡುವುದಕ್ಕೆ ಹತ್ತು ನಿಮಿಷ ಸಾಕು. ಗುಲಾಬಿ ನೂರಕ್ಕೆ ನಾಲ್ಕು ಮಾತ್ರ ಹಾಳಾಗಿದ್ದರೆ ಮುಂದಿನ ಸಲ ಹತ್ತರ ಜಾಗದಲ್ಲಿ ಆರೇಳು ಇಡಬಹುದು. ಹೈಡ್ರೇಂಜಿಯಾ ಇಪ್ಪತ್ತು ದಾಟಿದ್ದರೆ ದರವನ್ನು ತಿದ್ದಬೇಕು, ಇಲ್ಲವೇ ಬಿಸಿಲಿನ ತಿಂಗಳುಗಳಲ್ಲಿ ಅದನ್ನು ಪಟ್ಟಿಯಿಂದಲೇ ತೆಗೆಯಬೇಕು.